ಹಸಿ ಹೆಂಚು

ಕಾಗದ ಇರಲಿಲ್ಲವೆಂದಲ್ಲ, ಲೋಕು.
ಅಣ್ಣನ ಲೆಕ್ಕದ ಪುಸ್ತಕದಲ್ಲಿ ಬೇಕಾದಷ್ಟಿತ್ತು.
ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ
ಆಚೆಯಿಂದ ಕಳಚಿ ಬಿದ್ದು ಚಾಡಿ ಹೇಳುತ್ತದೆ.
ಮಣ್ಣು ಹಾಗಲ್ಲ. ತಿದ್ದಿದರೆ ತಿದ್ದಿಸಿಕೊಳ್ಳುತ್ತದೆ,
ಯಾರಿಗೂ ಹೇಳುವುದಿಲ್ಲ.

ನಿನ್ನ ರಜೆ ಎರಡು ತಿಂಗಳದ್ದು.
ಹದಿನೇಳನೆಯ ದಿನ ತಂತಿ ಬಂತು:
ಕೂಡಲೇ ಹೊರಡು.
ಹೊಯಿಗೆ ಬಜಾರಿನ ಕಾರ್ಖಾನೆಗೆ
ಬುತ್ತಿ ತಂದ ಪದ್ದು ಅದನ್ನು ಹೇಳುವಾಗ
ನಾನು ಅಚ್ಚಿನಿಂದ ಹೆಂಚು ಎತ್ತುತ್ತಿದ್ದೆ.
ಪ್ರೆಸ್ಸಿನ ಚಕ್ರ ತಿರುಗುತ್ತಲೇ ಇತ್ತು.
ಎತ್ತಿದೆ, ತಂತಿ ಎಳೆದು ಅಂಚು ಕೊಯ್ದೆ, ಹಲಗೆಗೆ ಇಟ್ಟೆ,
ಮತ್ತೊಂದು ಎತ್ತಿದೆ.
ಸುದ್ದಿ ಕಿವಿಗೆ ಬಂದದ್ದು. ಕೈಗೇನು ಗೊತ್ತು.

ಮಧ್ಯಾಹ್ನದ ಮೇಲೆ ಯಾವುದೋ ಒಂದರ ಹೊಟ್ಟೆಯಡಿ,
ಆಮೆ ಮಾರ್ಕಿನ ಕೆಳಗೆ
ಮೂರು ಬೆರಳಷ್ಟು ಖಾಲಿ ಇರುವಲ್ಲಿ,
ಮುಡಿಯ ಪಿನ್ನು ತೆಗೆದು ಬರೆದೆ.
ಮೂರನೇ ಕ್ಲಾಸಿನ ಅಕ್ಷರ.
ಒತ್ತು ಕೊಡುವಲ್ಲಿ ಮಣ್ಣು ಎದ್ದು ಬಂತು,
ಎಂಜಲು ಹಚ್ಚಿ ಕೂರಿಸಿದೆ.

ಸಂಜೆ ಅದನ್ನು ಗೋಣಿಯಲ್ಲಿ ಸುತ್ತಿ
ಸ್ಟೇಷನ್ನಿಗೆ ಬರುವುದೆಂದು ನನ್ನ ಅಂದಾಜು.
ಹಸಿ ಹೆಂಚು ಅಂದರೆ ಎಳೆಮಗುವಿನ ಹಾಗೆ,
ಎರಡು ಕೈ ಬೇಕು, ಅಲ್ಲಾಡಿದರೆ ಸೊಟ್ಟಗಾಗುತ್ತದೆ.
ಮದರಾಸು ಮೈಲಿನಲ್ಲಿ ನೀನು ಅದನ್ನು ಎಲ್ಲಿಡುತ್ತಿದ್ದೆ,
ಟ್ರಂಕಿನ ಮೇಲೋ, ಮಡಿಲಲ್ಲೋ,
ಯುದ್ಧಕ್ಕೆ ಹೋಗುವವ ಹೆಂಚು ಹೊತ್ತು ಇಳಿದರೆ
ಸಾಹೇಬರು ಏನನ್ನುತ್ತಾರೆ,
ಇಪ್ಪತ್ತು ವರ್ಷದ ತಲೆಗೆ ಅದೊಂದೂ ಹೊಳೆಯಲಿಲ್ಲ.

ಬೊನಿಫಾಸ್ ಮೇಸ್ತ್ರಿ ಗೇಟಿನಲ್ಲಿ ಲೆಕ್ಕಕ್ಕೆ ನಿಂತಿದ್ದ.
ಅವನೇನು ಕೆಟ್ಟವನಲ್ಲ. ಎಣಿಸಿದ, ಅಷ್ಟೆ.
"ಒಂದು ಕಮ್ಮಿ ಉಂಟಲ್ಲ" ಎಂದ.
ನಾನು ತಿರುಗಿ ಹೋಗಿ ಹಲಗೆಗೆ ಇಟ್ಟು ಬಂದೆ.
ಬರುವಷ್ಟರಲ್ಲಿ ರೈಲು ಕೂಗಿತು.
ನೇತ್ರಾವತಿಯ ಸೇತುವೆ ಹತ್ತಿದ ಮೇಲೆ
ಅದರ ಸದ್ದೇ ಬೇರೆ, ಪೊಳ್ಳು.
ಕೈ ತೊಳೆಯದೆ ಕೇಳಿದೆ.

ಹತ್ತು ದಿನ ಒಣಗಿತು.
ಮೂರು ದಿನ ಭಟ್ಟಿಯಲ್ಲಿ ಬೆಂದಿತು.
ಆ ಮೂರು ದಿನ ರೇಡಿಯೋದಲ್ಲಿ ಬರೀ ನಿಮ್ಮದೇ ಸುದ್ದಿ.
ಬೀದಿದೀಪಕ್ಕೆಲ್ಲ ಕಪ್ಪು ಕಾಗದ,
ಭಟ್ಟಿಯ ಬಾಯಿಗೆ ಮಾತ್ರ ಹಚ್ಚಲಿಕ್ಕಾಗಲಿಲ್ಲ.
ನಲವತ್ತು ಸಾವಿರ ಹೆಂಚು ಹೊರಬಂತು, ಎಲ್ಲ ಕೆಂಪು,
ಎಲ್ಲದರ ಹೊಟ್ಟೆಯಲ್ಲೂ ಆಮೆ.
ನಾನು ಮಗುಚಿ ನೋಡಿದ್ದು ಇನ್ನೂರೋ ಮುನ್ನೂರೋ.
ಉಳಿದದ್ದು ಬಂದರಿನಲ್ಲಿ ಮಂಜಿ ಹತ್ತಿತು.

ನೀನು ಬಂದೆ. ಅದನ್ನೂ ಹೇಳಬೇಕು,
ಇಲ್ಲದಿದ್ದರೆ ಕೇಳುವವರು ಬೇರೆ ಗ್ರಹಿಸುತ್ತಾರೆ.
ಎಡಗೈಯ ಎರಡು ಬೆರಳು ಎಲ್ಲೋ ಬಿಟ್ಟು ಬಂದೆ,
ಕಂಕನಾಡಿಯಲ್ಲಿ ಸೈಕಲ್ ಶಾಪು ಇಟ್ಟೆ,
ಬಜಪೆಯ ಹೆಣ್ಣು ತಂದೆ. ಗುಲಾಬಿ. ಒಳ್ಳೆಯವಳು,
ನನ್ನ ಬೀಡಿ ಕತ್ತರಿಗೆ ಎರಡು ಸಲ
ದುಡ್ಡಿಲ್ಲದೆ ಸಾಣೆ ಹಿಡಿಸಿಕೊಟ್ಟಿದ್ದಾಳೆ.
ಒಮ್ಮೆ ಪಂಕ್ಚರ್ ಹಾಕುತ್ತಾ, ತಲೆ ಎತ್ತದೆ, ನೀನು ಅಂದೆ:
"ಸ್ಟೇಷನ್ನಿಗೂ ಬರಲಿಲ್ಲ ನೀನು."
"ಓವರ್‌ಟೈಮ್ ಇತ್ತು" ಎಂದೆ.
ನೀರಿನ ಬೋಗುಣಿಯಲ್ಲಿ ಟ್ಯೂಬು ಗುಳ್ಳೆ ಬಿಟ್ಟಿತು.
ಇಬ್ಬರೂ ಅದನ್ನು ನೋಡಿದೆವು, ಎಲ್ಲಿ ತೂತೆಂದು.

ಕಾರ್ಖಾನೆ ಮುಚ್ಚಿತು. ಚಿಮಿಣಿ ಉಂಟು, ಅದರಲ್ಲೊಂದು ಅಶ್ವತ್ಥ.
ನನಗೊಂದು ಚಾಳಿ ಉಳಿದಿದೆ:
ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ.
"ಬಲೆ ಉಂಟಾ ಅಜ್ಜಿ?" ಎನ್ನುತ್ತಾರೆ ಮಕ್ಕಳು.

ಬರೆದದ್ದು ದೊಡ್ಡದೇನಲ್ಲ, ಮಾರಾಯ.
ನಮ್ಮ ಮಾಡು ತಗ್ಗು, ನೀನು ಎತ್ತರ,
ಬಂದಾಗಲೆಲ್ಲ ಹಣೆ ಬಡಿಸಿಕೊಂಡು ನಗುತ್ತಿದ್ದೆ.
ಅದಕ್ಕೆ:
ತಲೆ ಜಾಗ್ರತೆ. ನಾನಿದ್ದೇನೆ.

ಹೆಸರು ಹಾಕಲಿಲ್ಲ, ನಿನ್ನದೂ ನನ್ನದೂ.
ಜಾಗ ಸಾಲಲಿಲ್ಲ.
ಈಗ ಅದು ಯಾವ ಊರಿನಲ್ಲೋ ಯಾರದೋ ತಲೆಯ ಮೇಲೆ
ಕವುಚಿ ಮಲಗಿದೆ.
ಅಡುಗೆಯ ಹೊಗೆ ಹತ್ತಿ ಅಕ್ಷರ ಕಪ್ಪಾಗಿರಬಹುದು.
ಮಂಗ ಹಾರಿ ಒಡೆದದ್ದೂ ಇರಬಹುದು.
ಮಂಗಕ್ಕೆ ಓದಲಿಕ್ಕೆ ಬರುತ್ತದಾ.